ಮದುವೆ ಕೇಕನ್ನು ತ್ರಿಕೋನವಾಗಿ ಯಾಕೆ ಕತ್ತರಿಸುವುದಿಲ್ಲ?

ಎಲ್ಲರಿಗೂ ಸಾಲಬೇಕು, ಒಂದೇ ಸಮ ಸಿಗಬೇಕು, ಅದಕ್ಕೆ. ರಿಸೆಪ್ಶನ್ ಕೇಕ್ ಸಾಮಾನ್ಯವಾಗಿ ನಾಲ್ಕು ಇಂಚು ಎತ್ತರ ಇರುತ್ತದೆ. ಹಾಗಾಗಿ ಒಂದು ಇಂಚು ಅಗಲ, ಎರಡು ಇಂಚು ಉದ್ದದ ತುಂಡು ಒಬ್ಬರಿಗೆ ಸಾಕು.

10 ಇಂಚಿನ ದುಂಡು ಕೇಕ್‌ನಲ್ಲಿ ಹೀಗೆ ಸುಮಾರು 38 ತುಂಡು ಬರುತ್ತವೆ. ಅದೇ 38 ಜನಕ್ಕೆ ಹುಟ್ಟುಹಬ್ಬದ ಕೇಕ್ ತರಹ ತ್ರಿಕೋನ ಮಾಡಿದರೆ? ಪ್ರತಿ ತುಂಡೂ ಐದು ಇಂಚು ಉದ್ದ, ಹೊರಗಡೆ ಒಂದು ಇಂಚಿಗೂ ಕಡಿಮೆ ಅಗಲ, ನಡುವಿನ ತುದಿ ಕಾಗದದಷ್ಟು ತೆಳು. ತಟ್ಟೆಗೆ ಬರುವ ಮೊದಲೇ ಮುರಿಯುತ್ತದೆ. ದಪ್ಪ ಕತ್ತರಿಸಿದರೆ ಅರ್ಧ ಜನಕ್ಕೇ ಖಾಲಿ.

ಕತ್ತರಿಸುವುದು ಕಷ್ಟವೇನಲ್ಲ. ಅಂಚಿನಿಂದ ಎರಡು ಇಂಚು ಬಿಟ್ಟು, ಒಂದು ಕಡೆಯಿಂದ ಇನ್ನೊಂದು ಕಡೆಗೆ ನೇರವಾಗಿ ಚಾಕು ಇಳಿಸಿ. ಬಂದ ಪಟ್ಟಿಯನ್ನು ಹಲಗೆ ಮೇಲೆ ಮಲಗಿಸಿ, ಇಂಚಿಗೊಂದರಂತೆ ಕತ್ತರಿಸಿ. ಪ್ರತಿ ಸಲ ಚಾಕುವನ್ನು ಬಿಸಿನೀರಿಗೆ ಅದ್ದಿ ಒರೆಸಿಕೊಳ್ಳಿ. ಆಗ ಕ್ರೀಮ್ ಅಂಟುವುದಿಲ್ಲ, ಒಳಗಿನ ಪದರ ಚೆಂದ ಕಾಣುತ್ತದೆ.

ಎರಡು ಮೂರು ಅಂತಸ್ತಿನ ಕೇಕ್ ಆದರೆ ಮೇಲಿನದನ್ನು ಮೊದಲು ಎತ್ತಿ ಇಳಿಸಿ. ಭಾರ ಹೊರಲು ಕೆಳಗಿನ ಅಂತಸ್ತಿನೊಳಗೆ ಕಡ್ಡಿ ಚುಚ್ಚಿರುತ್ತಾರೆ. ಅದನ್ನೆಲ್ಲ ಎಣಿಸಿ ತೆಗೆದ ಮೇಲೆಯೇ ಚಾಕು ಹಾಕಿ. ಮಕ್ಕಳ ಬಾಯಿಗೆ ಸಿಕ್ಕಿದರೆ ಅಪಾಯ ಅಲ್ವಾ?

ಊಟಕ್ಕೆ ಹೋಳಿಗೆ, ಪಾಯಸ, ಐಸ್‌ಕ್ರೀಮ್ ಇದ್ದರೆ ಕೇಕ್ ಜಾಸ್ತಿ ಬೇಡ. ಬಂದವರಲ್ಲಿ ಅರ್ಧದಷ್ಟು ಜನಕ್ಕೆ ಲೆಕ್ಕ ಹಾಕಿದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ.