ಮಗಳಿಗೆ ಐಎಫ್‌ಎಸ್ ಆಸೆ, ನಿರಾಶ್ರಿತರ ಕೆಲಸವೂ ಬೇಕು ಅಂದವರಿಗೆ

ನಮಸ್ಕಾರ ಅಣ್ಣಾ. ಸಿಂಧನೂರಿನಲ್ಲಿ ಬಿಎ ಓದುತ್ತಿರುವ ಮಗಳು ವಿದೇಶಾಂಗ ಸೇವೆಗೆ (ಐಎಫ್‌ಎಸ್) ಸೇರಿ ನಿರಾಶ್ರಿತರಿಗೆ ನೆರವಾಗಬೇಕು ಅಂತಾಳೆ, ಕನ್ನಡ ಮಾಧ್ಯಮದವಳಿಗೆ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ. ಇದಕ್ಕೆ ಆಯ್ಕೆ ನಡೆಯುವ ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಇಂಗ್ಲಿಷ್ ಪತ್ರಿಕೆಯೊಂದನ್ನು, ಕನ್ನಡದಂಥ ಭಾರತೀಯ ಭಾಷೆಯ ಪತ್ರಿಕೆಯೊಂದನ್ನು ಪಾಸಾಗಬೇಕು. ಆದರೆ ಪ್ರಿಲಿಮ್ಸ್ (ಮೊದಲ ಹಂತದ ಪರೀಕ್ಷೆ) ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿ ಇರುತ್ತವೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯಡಿ ಇರುವ ನಮ್ಮ ಮೀಸಲಾತಿ ಇಲ್ಲಿ ನಡೆಯಲ್ಲ, ಅದು ರಾಜ್ಯದ ಹುದ್ದೆಗಳಿಗೆ.

ಆದರೆ ವಿದೇಶಾಂಗ ಸೇವೆ, ನಿರಾಶ್ರಿತರ ಕೆಲಸ ಇವು ಎರಡು ಬೇರೆ ದಾರಿ. ಐಎಫ್‌ಎಸ್‌ನವರು ದೇಶದ ಪರವಾಗಿ ಕೆಲಸ ಮಾಡುವವರು. ಸಂಕಟದಲ್ಲಿ ನಮ್ಮವರನ್ನು ಕರೆತರುವುದೂ ಅವರ ಪಾಲಿಗೇ ಬರುತ್ತೆ. 2023ರಲ್ಲಿ ಸುಡಾನ್‌ನಲ್ಲಿ ಗುಂಡಿನ ಕಾಳಗ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿ ಬುಡಕಟ್ಟಿನ ಜನ ಅಲ್ಲಿ ಸಿಕ್ಕಿಬಿದ್ದಿದ್ದರು. ಭಾರತ ಸರ್ಕಾರದ 'ಆಪರೇಷನ್ ಕಾವೇರಿ' ಕಾರ್ಯಾಚರಣೆಯಲ್ಲಿ ಜನರನ್ನು ಬಸ್‌ನಲ್ಲಿ ಪೋರ್ಟ್ ಸುಡಾನ್‌ಗೆ, ಅಲ್ಲಿಂದ ಹಡಗಿನಲ್ಲಿ ಸೌದಿಯ ಜೆಡ್ಡಾಗೆ, ಆಮೇಲೆ ವಿಮಾನದಲ್ಲಿ ಊರಿಗೆ ತಂದರು. ಅದನ್ನು ನೆನೆದರೆ ನನಗೆ ಈಗಲೂ ಎದೆ ತುಂಬಿ ಬರುತ್ತೆ.

ನಿರಾಶ್ರಿತರ ಜೊತೆಗೇ ದಿನವಿಡೀ ಇರಬೇಕು ಅಂದರೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಕಡೆ ನೋಡಲಿ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಆದರೂ ದೆಹಲಿಯಲ್ಲಿ ಈ ಸಂಸ್ಥೆಯ ಕಚೇರಿ ಇದೆ. ಕಾನೂನು ಅಥವಾ ಸಮಾಜಕಾರ್ಯದಲ್ಲಿ ಎಂಎ ಮಟ್ಟದ ಓದು ಇದಕ್ಕೆ ಜಾಸ್ತಿ ಉಪಯೋಗ.

ಅದಕ್ಕೂ ಮೊದಲು ಒಂದು ಭಾನುವಾರ ಮಗಳನ್ನು ನಿಮ್ಮ ಪಕ್ಕದ ಆರ್‌ಎಚ್ ಕ್ಯಾಂಪಿಗೆ (ನಿರಾಶ್ರಿತರ ಪುನರ್ವಸತಿ ಕ್ಯಾಂಪ್) ಕರೆದೊಯ್ಯಿರಿ. ಪೂರ್ವ ಪಾಕಿಸ್ತಾನದಿಂದ (ಈಗಿನ ಬಾಂಗ್ಲಾದೇಶ) ಬಂದ ಬಂಗಾಳಿ ಕುಟುಂಬಗಳು ಅಲ್ಲಿವೆ. ವಯಸ್ಸಾದವರ ಹತ್ತಿರ ಸುಮ್ನೆ ಕೂತು, ಬರುವಾಗ ಏನು ತಂದಿರಿ, ಏನು ಬಿಟ್ಟಿರಿ ಅಂತ ಕೇಳಲಿ.