ಬೆಂಗಳೂರಿನ ವಿದ್ಯಾರಣ್ಯಪುರದ 30×40 ಸೈಟಿನ ಮನೆಗೆ ಎಷ್ಟು ವಿಮೆ ಬೇಕು?

ನಮಸ್ಕಾರ ಸರ್. ಮನೆಯ ಮಾರುಕಟ್ಟೆ ಬೆಲೆ 1.8 ಕೋಟಿ, ಏಜೆಂಟ್ ಅಷ್ಟಕ್ಕೇ ಪಾಲಿಸಿ ಮಾಡಿಸಿ ಅಂತಿದ್ದಾರೆ ಅಂದಿರಿ. ದಯವಿಟ್ಟು ಅವಸರ ಮಾಡಬೇಡಿ. ಆ 1.8 ಕೋಟಿಯಲ್ಲಿ ಬಹುಪಾಲು ಸೈಟಿನ ಬೆಲೆ. ಬೆಂಕಿ ಬಿದ್ದರೂ ನೀರು ನುಗ್ಗಿದರೂ ಸೈಟು ಅಲ್ಲೇ ಇರುತ್ತದೆ ಅಲ್ವಾ? ವಿಮೆ ಬೇಕಿರುವುದು ಕಟ್ಟಡವನ್ನು ಮತ್ತೆ ಕಟ್ಟುವ ಖರ್ಚಿಗೆ.

'ಭಾರತ್ ಗೃಹ ರಕ್ಷಾ' ಅನ್ನುವ ಮನೆ ವಿಮೆ ಪಾಲಿಸಿ ಕೇಳಿ. 2021ರ ಏಪ್ರಿಲ್‌ನಿಂದ ಇದೆ. ಅದರ ಲೆಕ್ಕ ಸುಲಭ: ಕಾರ್ಪೆಟ್ ಏರಿಯಾ (ಗೋಡೆಗಳ ಒಳಗೆ ಬಳಸಲು ಸಿಗುವ ಜಾಗ) ಗುಣಿಸು ಇವತ್ತಿನ ಕಟ್ಟುವ ದರ. ನಿಮ್ಮದು ಎರಡು ಮಹಡಿ ಸೇರಿ 1,800 ಚದರ ಅಡಿ ಅಂದಿರಿ. ಅಡಿಗೆ 2,500 ರೂಪಾಯಿ ಅಂತ ಇಟ್ಟುಕೊಂಡರೆ 45 ಲಕ್ಷ. ದರವನ್ನು ಮಾತ್ರ ನಿಮ್ಮ ಏರಿಯಾದ ಇಬ್ಬರು ಮೇಸ್ತ್ರಿಗಳ ಹತ್ತಿರ ಕೇಳಿಯೇ ಹಾಕಿ. ಹತ್ತು ವರ್ಷದ ಹಿಂದೆ ನೀವು ಕಟ್ಟಿಸಿದ ದರ ಹಾಕಿದರೆ ನಾಳೆ ಕೈಯಿಂದ ದುಡ್ಡು ಹಾಕಬೇಕಾಗುತ್ತದೆ. ಕಾಂಪೌಂಡ್, ಸಂಪು ಬಿಟ್ಟುಹೋಗದಂತೆ ಬರೆಸಿ.

ಮನೆ ಸಾಮಾನಿಗೆ ಕಟ್ಟಡದ ಮೊತ್ತದ ಶೇ. 20, ಅಂದರೆ 9 ಲಕ್ಷ, ತಾನಾಗಿಯೇ ಸೇರುತ್ತದೆ. ಅದರ ಮಿತಿ 10 ಲಕ್ಷ. ಚಿನ್ನಕ್ಕೆ ಬೇರೆ ಕವರ್ ತಗೊಳ್ಳಬೇಕು. ಬೀಗ ಒಡೆದು ಕಳ್ಳತನವಾದರೆ ಇದರಲ್ಲಿ ಬರುವುದಿಲ್ಲ, ಅದನ್ನೂ ಪ್ರತ್ಯೇಕ ಕೇಳಿ.

ಪ್ರವಾಹ ಇದರಲ್ಲೇ ಸೇರಿದೆ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ ಕಡೆ ಮನೆಗಳೊಳಗೆ ನೀರು ನಿಂತಿದ್ದು ನೆನಪಿದೆಯಲ್ಲ, ಅದಕ್ಕೇ ಹೇಳಿದೆ.

ಹೋಮ್ ಲೋನ್ ಜೊತೆ ಬ್ಯಾಂಕಿನವರು ಮಾಡಿಸಿದ ಪಾಲಿಸಿ ಇದ್ದರೆ ಮೊದಲು ತೆಗೆದು ನೋಡಿ. ಮೊತ್ತ ಬರೀ ಸಾಲದಷ್ಟೇ ಇರಬಹುದು.