ಕಂಪನಿಯ ಬಳಿ ದುಡ್ಡಿರಲಿಲ್ಲ ಎಂಬ ಸಮರ್ಥನೆ ನಿಲ್ಲುತ್ತದೆಯೇ?

ಪ್ರಶ್ನೆ: ನಾವು ಐವರು ಬಂಧುಗಳು ಮೂಡಿಗೆರೆಯ ಬಳಿ ಕಾಫಿಪುಡಿ ತಯಾರಿಸುವ ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುತ್ತಿದ್ದೇವೆ. ಐವರೂ ನಿರ್ದೇಶಕರು, ಷೇರುಗಳೂ ಸಮಪಾಲು. ಪಕ್ಕದ ಗೋದಾಮು ಮತ್ತು ಕಣವನ್ನು ಕೊಳ್ಳುವ ವಿಷಯ ಸಭೆಯಲ್ಲಿ ಚರ್ಚೆಯಾಗಿ, ಹಣ ಸಾಲದೆ ನಿಂತುಹೋಯಿತು. ಈಗ ನಮ್ಮ ಭಾವನವರು ನಮಗೆ ತಿಳಿಸದೆ ಅದನ್ನು ತಮ್ಮ ಹೆಸರಿಗೆ ಕೊಂಡು, ಕಂಪನಿಗೇ ಬಾಡಿಗೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಕಂಪನಿಯ ಬಳಿ ದುಡ್ಡಿರಲಿಲ್ಲವಾದ್ದರಿಂದ ತಪ್ಪಿಲ್ಲವೆಂದೂ ವಿದೇಶಗಳಲ್ಲಿ ಇದಕ್ಕೆ ಅಡ್ಡಿಯಿಲ್ಲವೆಂದೂ ಅವರ ವಾದ. ಇದು ಸರಿಯೇ?
– ಓದುಗರೊಬ್ಬರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ವಿದೇಶಗಳೆಲ್ಲ ಈ ವಿಷಯದಲ್ಲಿ ಒಂದೇ ದಾರಿಯಲ್ಲಿಲ್ಲ. ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ ಚಿತ್ರಮಂದಿರ ನಡೆಸುತ್ತಿದ್ದ ರೀಗಲ್ ಕಂಪನಿ, ಇನ್ನೆರಡು ಚಿತ್ರಮಂದಿರಗಳನ್ನು ಗುತ್ತಿಗೆಗೆ ಪಡೆಯಲೆಂದು ಸ್ಥಾಪಿಸಿದ ಅಂಗಸಂಸ್ಥೆಗೆ 5,000 ಪೌಂಡ್ ಬಂಡವಾಳ ಬೇಕಿತ್ತು. 2,000ಕ್ಕಿಂತ ಹೆಚ್ಚು ಹಾಕಲು ಕಂಪನಿಗೆ ಶಕ್ತಿಯಿಲ್ಲದ್ದರಿಂದ ಉಳಿದ ಷೇರುಗಳಲ್ಲಿ ಒಂದಷ್ಟನ್ನು ನಿರ್ದೇಶಕರೇ ಕೊಂಡು, ಮುಂದೆ ಮಾರಿ ಲಾಭ ಮಾಡಿಕೊಂಡರು. ಅವರಲ್ಲಿ ದುರುದ್ದೇಶ ಕಾಣದಿದ್ದರೂ, ನಿರ್ದೇಶಕರಾಗಿದ್ದುದರಿಂದಲೇ ಒದಗಿದ ಆ ಲಾಭವನ್ನು ಕಂಪನಿಗೆ ಒಪ್ಪಿಸಬೇಕೆಂದು 1942ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಷೇರುದಾರರ ಒಪ್ಪಿಗೆಯ ನಿರ್ಣಯವೊಂದಿದ್ದರೆ ಅವರು ಪಾರಾಗುತ್ತಿದ್ದರು. ಆ ಹಣದ ಪ್ರಯೋಜನ ಕೊನೆಗೆ ಸಿಕ್ಕಿದ್ದು ಕಂಪನಿಯನ್ನು ಕೊಂಡ ಹೊಸ ಮಾಲೀಕರಿಗಾದ್ದರಿಂದ ತೀರ್ಪು ಅತಿ ಕಠಿಣವೆಂಬ ಟೀಕೆಯೂ ಇದೆ, ಮತ್ತು ಅದು ನಿರಾಧಾರವಲ್ಲ.

ನಿಮ್ಮ ಭಾವನವರು ಕೇಳಿರುವುದು ಬಹುಶಃ ಅಮೆರಿಕದ ಡೆಲವೇರ್ ರಾಜ್ಯದ ಕಾನೂನನ್ನು. ಲಾಫ್ಟ್ ಎಂಬ ಮಿಠಾಯಿ ಕಂಪನಿಯ ಹಣ, ನೌಕರರನ್ನು ಬಳಸಿ ಪೆಪ್ಸಿ ವ್ಯವಹಾರವನ್ನು ಸ್ವಂತಕ್ಕೆ ಬೆಳೆಸಿದ ಅಧ್ಯಕ್ಷ ಗುತ್, 1939ರಲ್ಲಿ ಆ ಷೇರುಗಳನ್ನು ಲಾಫ್ಟ್‌ಗೆ ಬಿಟ್ಟುಕೊಡಬೇಕಾಯಿತು ನಿಜ. ಆದರೆ ಅವಕಾಶವನ್ನು ಬಳಸಿಕೊಳ್ಳುವ ಆರ್ಥಿಕ ಶಕ್ತಿ ಕಂಪನಿಗಿತ್ತೇ ಎಂಬುದನ್ನೂ ಅಲ್ಲಿ ತೂಗಿ ನೋಡುತ್ತಾರೆ. 1996ರ ಬ್ರಾಜ್ ಪ್ರಕರಣದಲ್ಲಿ ನಿರ್ದೇಶಕನೊಬ್ಬ ಗೆದ್ದದ್ದಕ್ಕೆ ಇದೂ ಒಂದು ಕಾರಣ. ಆದರೆ ಅಲ್ಲಿ ಕಂಪನಿಗೆ ಆ ಅವಕಾಶದಲ್ಲಿ ಆಸಕ್ತಿಯೇ ಇರಲಿಲ್ಲ. ನಿಮ್ಮಲ್ಲಿ ವಿಷಯ ಸಭೆಯಲ್ಲೇ ಚರ್ಚೆಯಾಗಿದೆ.

ನಮಗೆ ಅನ್ವಯಿಸುವುದು 2013ರ ಕಂಪನಿ ಕಾಯ್ದೆ. ಅದರ 166ನೇ ಸೆಕ್ಷನ್ ಪ್ರಕಾರ ನಿರ್ದೇಶಕರು ಕಂಪನಿಯ ಹಿತಕ್ಕೆ ವಿರುದ್ಧವಾದ, ಅಥವಾ ವಿರುದ್ಧವಾಗಬಹುದಾದ ಸ್ವಹಿತದ ಸನ್ನಿವೇಶದಲ್ಲಿ ತೊಡಗಬಾರದು, ಅನುಚಿತ ಲಾಭ ಪಡೆಯಬಾರದು. ಪಡೆದದ್ದು ಸಾಬೀತಾದರೆ ಅಷ್ಟೇ ಮೊತ್ತವನ್ನು ಕಂಪನಿಗೆ ತೆರಬೇಕು. ರೀಗಲ್ ತೀರ್ಪು ನಮ್ಮ ನ್ಯಾಯಾಲಯಗಳಿಗೆ ಬದ್ಧವಲ್ಲವಾದರೂ ವಾದಕ್ಕೆ ಬಲ ಕೊಡುತ್ತದೆ. ಕೊಳ್ಳುವ ಮುನ್ನ ತಿಳಿಸದೇ ಇದ್ದದ್ದೇ ಭಾವನವರ ಪಕ್ಷವನ್ನು ಹೆಚ್ಚು ದುರ್ಬಲಗೊಳಿಸುವ ಅಂಶವೆಂದು ನನ್ನ ಅಭಿಪ್ರಾಯ.

ಬಾಡಿಗೆಯದು ಬೇರೆ ಪ್ರಶ್ನೆ. 184ನೇ ಸೆಕ್ಷನ್ನಿನಂತೆ ಅವರು ತಮ್ಮ ಹಿತಾಸಕ್ತಿಯನ್ನು ಸಭೆಯಲ್ಲಿ ಪ್ರಕಟಿಸಲೇಬೇಕು. 2015ರ ವಿನಾಯಿತಿಯಿಂದಾಗಿ ಪ್ರೈವೇಟ್ ಕಂಪನಿಯಲ್ಲಿ, ಹಾಗೆ ಪ್ರಕಟಿಸಿದ ಮೇಲೆ ಚರ್ಚೆಯಲ್ಲಿ ಭಾಗವಹಿಸಬಹುದು. 188ನೇ ಸೆಕ್ಷನ್ನಿನಡಿ ಮಂಡಳಿಯ ನಿರ್ಣಯವೂ ಬೇಕಾಗುತ್ತದೆ.

ಆ ಸಭೆಯ ನಡಾವಳಿಯ ಪ್ರತಿಯನ್ನು ಮೊದಲು ಪಡೆದಿಟ್ಟುಕೊಳ್ಳಿ. ಕೊಂಡ ಬೆಲೆಗೇ ಆಸ್ತಿಯನ್ನು ಕಂಪನಿಗೆ ವರ್ಗಾಯಿಸುವಂತೆ ಬರವಣಿಗೆಯಲ್ಲಿ ಕೇಳಿ. ಒಪ್ಪದಿದ್ದರೆ, ಐದನೆಯ ಒಂದು ಪಾಲು ಷೇರು ಹೊಂದಿರುವ ನೀವು ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ 241ನೇ ಸೆಕ್ಷನ್ನಿನಡಿ ಅರ್ಜಿ ಸಲ್ಲಿಸಬಹುದು. ಅದಕ್ಕೆ ಹತ್ತನೆಯ ಒಂದು ಪಾಲಿದ್ದರೂ ಸಾಕು.